ಮಲಗಿದವರ ಅಳತೆ

ಟ್ಯೂನಿಸಿನ ಹಳೇ ಪೇಟೆಯಲ್ಲಿ
ಗುಮ್ಮಟದ ಹಸಿರು ಹೆಂಚು ಮೀನಿನ ಮೈಯಂತೆ ಹೊಳೆದು
ಗಲ್ಲಿ ತಿರುಗಿದ ಕೂಡಲೇ ಮಾಯ.
ಮತ್ತೆ ಸಿಕ್ಕಾಗ ಬಾಗಿಲ ಮುಂದೆ
ಪಾಪಾಸುಕಳ್ಳಿ ಹಣ್ಣಿನ ತಳ್ಳುಗಾಡಿ,
ಅದರ ಕೆಳಗೆ ಕಿವಿ ಹರಿದ ಬೆಕ್ಕು.

"ಇಪ್ಪತ್ತೇ ನಿಮಿಷ" ಅಂದ ಗೈಡು ಲಸ್ಸಾದ್,
"ಒಂದೇ ಮನೆತನ. ಎಲ್ಲರೂ ಇಲ್ಲೇ."

ಎಲ್ಲರೂ ಅಂದರೆ ಎಲ್ಲರೂ.
ಪಟ್ಟ ಏರಿದವರು, ಪಟ್ಟ ತಪ್ಪಿದವರು,
ತಪ್ಪಿಸಿದವರು,
ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಾರದ ಅಣ್ಣತಮ್ಮಂದಿರು
ಛತ್ರದ ಜಮಖಾನೆಯ ಮೇಲೆ ರಾತ್ರಿ ಉಳಿದ ನೆಂಟರ ಹಾಗೆ
ಭುಜಕ್ಕೆ ಭುಜ ತಾಗಿಸಿ ಮಲಗಿದ್ದಾರೆ.
ನಡುವೆ ಕಾಲಿಡಲು ಒಂದು ಗೇಣು ಜಾಗ.

ಮೂವತ್ತೆರಡು ವರ್ಷ ಬ್ಲೌಸು ಹೊಲಿದ ಕಣ್ಣು ನನ್ನದು.
ಎದುರು ಬಂದವರ ಮೈಮೇಲೆ ಟೇಪು ತಾನಾಗಿ ಓಡುತ್ತದೆ,
ಇಲ್ಲೂ ಓಡಿತು:
ಇವರು ಎತ್ತರದ ಆಳು.
ಇವರಿಗೆ ಅಗಲ ಜಾಸ್ತಿ ಬಿಟ್ಟಿದ್ದಾರೆ.
ಇದಕ್ಕೆ ಅಂಚು ಎರಡು ಸಲ ಮಡಿಸಿದ್ದಾರೆ.

ಗಂಡಸರ ತಲೆದೆಸೆಗೆ ಕಲ್ಲಿನ ಮುಂಡಾಸು.
ಸುತ್ತಿನ ಮೇಲೆ ಸುತ್ತು, ಒಳಗೆ ಸಿಕ್ಕಿಸಿದ ತುದಿ.
ಕೆತ್ತಿದವನಿಗೆ ಬಟ್ಟೆ ಗೊತ್ತಿತ್ತು!
ಮಲ್ಲು ಎಲ್ಲಿ ಜಗ್ಗುತ್ತದೆ, ಎಲ್ಲಿ ಉಬ್ಬುತ್ತದೆ,
ಓರೆ ಎಳೆ ಯಾವ ಕಡೆ ವಾಲುತ್ತದೆ,
ಎಲ್ಲ ಅಮೃತಶಿಲೆಯಲ್ಲಿ.
ಒಂದು ಮುಂಡಾಸಿನ ಸುತ್ತು ಮಾತ್ರ ತಪ್ಪಿದೆ,
ಹಬ್ಬದ ಹಿಂದಿನ ರಾತ್ರಿಯ ಕೆಲಸ ಇರಬೇಕು.

ಹೆಂಗಸರಿಗೆ ಮುಂಡಾಸಿಲ್ಲ, ಬರೀ ಹೂಬಳ್ಳಿ.
ಆ ಲಿಪಿ ನನಗೆ ಬಾರದು.
ಬಾರದ್ದರಿಂದ ರಾಣಿ ಯಾರು, ದಾದಿ ಯಾರು
ನನಗಂತೂ ಗೊತ್ತಾಗಲಿಲ್ಲ.

ಕಾವಲಿನ ಮುಂಜಿಯಾಳ ಮನೆ ಅಂಗಳದ ಮಗ್ಗುಲಿಗೇ.
ಹಗ್ಗದ ಮೇಲೆ ಒಣಗುತ್ತಿದ್ದವು ಎರಡು ಟವೆಲು,
ಯಾವುದೋ ಹುಡುಗನ ನೀಲಿ ಶಾಲೆಯಂಗಿ.
ಅವಳು ಬಕೆಟ್ಟು ಹಿಡಿದು ಬಂದು
ಗೋರಿಯ ಮೇಲಿನ ಬಟ್ಟಲಿನಷ್ಟು ಕುಳಿಗೆ ನೀರು ಹೊಯ್ದಳು.
ಏಕೆ ಎಂದು ಹುಬ್ಬಿನಲ್ಲೇ ಕೇಳಿದೆ.
ಎರಡೂ ಕೈ ರೆಕ್ಕೆ ಮಾಡಿ ತೋರಿಸಿದಳು.
ಮೇಲೆ ನೋಡಿದರೆ ಕಿಟಕಿಯಲ್ಲಿ ಗುಬ್ಬಿ,
ನಾವು ಹೋಗಲೆಂದು ಕಾಯುತ್ತಿತ್ತು.

ಮೂಲೆಯಲ್ಲೊಂದು ಸಣ್ಣದು.
ಒಂದೂವರೆ ಮೊಳ, ಮೇಲೆ
ನಾಲ್ಕು
ಅಲ್ಲಿಗೆ ಟೇಪು ನಿಂತಿತು.

ಕತ್ತರಿ ಕೈಗೆ ಕೊಡುವಾಗಲೇ ಹೇಳಿದ್ದರು ತಿರುಮಲಕ್ಕ:
"ನಿಂತವರದು ತೆಗಿ, ಕೂತವರದು ತೆಗಿ.
ಮಲಗಿದವರ ಅಳತೆ ನಮ್ಮದಲ್ಲ ಕಣೇ,
ಅದನ್ನು ತೆಗೆಯೋರು ಬೇರೆ."

ಕೈ ಹಿಂದಕ್ಕೆ ಕಟ್ಟಿಕೊಂಡೆ.
ಮುಂಜಿಯಾ ನೋಡಿದಳು. ನೋಡಿ,
ಮೂರು ಬೆರಳು ಎತ್ತಿದಳು.
ಮೂರು ವರ್ಷವೋ, ತಿಂಗಳೋ,
ಅವಳವೇ ಮೂರೋ,
ಕೇಳಲು ಭಾಷೆ ಎಲ್ಲಿತ್ತು.
ನಾನು ಒಂದು ಬೆರಳು ಎತ್ತಿದೆ.
ಅವಳೂ ಕೇಳಲಿಲ್ಲ.

ಆಮೇಲೆ ಹೊಸ್ತಿಲ ಮೇಲೆ ಕೂತೆವು.
ಶಾಲೆಯಂಗಿಯ ಜೇಬು ಕಿತ್ತು ಜೋತಾಡುತ್ತಿತ್ತು;
ನನ್ನ ಸೆರಗಿನ ಮರೆಯ ಸೂಜಿ ಎಲ್ಲೂ ಬಿಟ್ಟು ಬರುವುದಲ್ಲ.
ಪರ್ಸಿನಲ್ಲಿದ್ದದ್ದು ಕೆಂಪು ದಾರ ಒಂದೇ.
ಇರಲಿ ಅಂತ ಗಲ್ಲ ಅಲ್ಲಾಡಿಸಿದಳು.
ಹಲ್ಲಲ್ಲಿ ಕಚ್ಚಿ ಕತ್ತರಿಸುವಾಗ
ಮೂಗಿಗೆ ಅವಳ ಮನೆಯ ಸೋಪು.

"ಮದಾಮ್, ಬಸ್ಸು!" ಲಸ್ಸಾದ್ ಕೂಗಿದ.
ಗುಂಪಿನವರು ಗುಮ್ಮಟದಡಿ ತೆಗೆಸಿಕೊಂಡ ಫೋಟೋದಲ್ಲಿ
ನಾನಿಲ್ಲ.

ಅರ್ಧ ದಾರಿಯಲ್ಲಿ ನೆನಪಾಯಿತು:
ಆ ಕೆಂಪು ಬಣ್ಣ ಬಿಡುವ ದಾರ.
ಮೊದಲ ಸಲ ಉಪ್ಪುನೀರಲ್ಲಿ ಅದ್ದು,
ಬೇರೆ ಬಟ್ಟೆಗೆ ಸೇರಿಸಬೇಡ
ಎಂದು ಹೇಳಬೇಕಿತ್ತು.
ಉಪ್ಪಿಗೆ ಯಾವ ಸನ್ನೆ?